ಯಾವ ಇಂಗ್ಲೀಷನ್ನು ಕಲಿಸಬೇಕು?

(ಕಾರ್ಮಿಕರ ಹಾಗೂ ಚಿಲ್ಲರೆ ವರ್ತಕರ ಸಂಜೆಯ ಸಭೆಯಲ್ಲಿ ಮಾಡಿದ ಭಾಷಣ)



ಇಂಗ್ಲೀಷು ಬೇಕೋ ಬೇಡವೋ ಎಂಬ ಚರ್ಚೆಯನ್ನು ನಾವು ಎರಡು ಮೂರು ತಲೆಮಾರಿನಿಂದ ಮಾಡುತ್ತ ಬಂದಿದ್ದೇವೆ. ಅದರಲ್ಲಿ ನಮ್ಮ ಪಕ್ಷದ ನಿಲುವು ಏನೆಂಬುದು ತಮಗೆ ತಿಳಿದೇ ಇದೆ. ಕಚೇರಿ, ನ್ಯಾಯಾಲಯ, ಶಾಸನಸಭೆ ಇವೆಲ್ಲ ಜನರ ಭಾಷೆಯಲ್ಲಿ ನಡೆಯತಕ್ಕದ್ದು. ಆಳುವ ಭಾಷೆಯ ಪೀಠದಿಂದ ಇಂಗ್ಲೀಷು ಕೆಳಗಿಳಿಯತಕ್ಕದ್ದು ಎಂದು ಲೋಹಿಯಾ ಅವರು ಹೇಳಿದ್ದನ್ನು ನಾವು ಇಂದಿಗೂ ಹೇಳುತ್ತೇವೆ. ಆ ಮಾತನ್ನು ಈ ಸಂಜೆ ಮತ್ತೆ ಬೆಳೆಸುವುದಿಲ್ಲ. ಇಂದಿನ ಪ್ರಶ್ನೆ ಬೇರೆ.

ಇಲ್ಲಿ ಸೇರಿರುವ ಬಹುಮಂದಿಯ ಮಕ್ಕಳು ಈಗಾಗಲೇ ಶಾಲೆಯಲ್ಲಿ ಇಂಗ್ಲೀಷು ಕಲಿಯುತ್ತಿದ್ದಾರೆ. ಪ್ರಾಥಮಿಕ ಶಿಕ್ಷಣವನ್ನು ತಾಯ್ನುಡಿಯಲ್ಲೇ ಕೊಡಬೇಕೆಂದು ಖಾಸಗಿ ಶಾಲೆಗಳನ್ನು ಕಡ್ಡಾಯ ಮಾಡುವ ಅಧಿಕಾರ ಸರ್ಕಾರಕ್ಕಿಲ್ಲವೆಂದು 2014ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. 2019ರಲ್ಲಿ ನಮ್ಮ ಸರ್ಕಾರವೇ ಒಂದು ಸಾವಿರ ಶಾಲೆಗಳಲ್ಲಿ ಇಂಗ್ಲೀಷ್ ಮಾಧ್ಯಮದ ತರಗತಿ ತೆರೆಯಲು ಹೊರಟಿತು. ಗಿರಣಿಯ ಮಜೂರಿಯಲ್ಲಿ, ಅಂಗಡಿಯ ಗಲ್ಲಾದಲ್ಲಿ ಉಳಿಸಿದ ಕಾಸು ಶಾಲೆಯ ಫೀಜಿಗೆ ಹೋಗುತ್ತಿದೆ. ಹೋಗಲಿ. ಆ ಹಣ ಕೊಟ್ಟು ನಾವು ಕೊಂಡು ತರುತ್ತಿರುವ ಸರಕು ಯಾವುದು? ಹೊಸದೋ, ಹಳೆಯ ದಾಸ್ತಾನೋ? ಅಕ್ಕಿ ಕೊಳ್ಳುವಾಗ ಮುಷ್ಟಿ ತುಂಬ ತೆಗೆದು ಮೂಸಿ ನೋಡುವ ಜನ ನಾವು. ಇಂಗ್ಲೀಷನ್ನು ಮಾತ್ರ ಚೀಲ ಬಿಚ್ಚದೆ ಹೊತ್ತು ತರುತ್ತಿದ್ದೇವೆ.

ಹಮಾಲಿ ಮಾಡುವ ಒಬ್ಬರ ಮಗಳು 'ನಾಳೆ ನಾನು ಹೋಗುತ್ತೇನೆ' ಎಂಬುದನ್ನು ಇಂಗ್ಲೀಷಿನಲ್ಲಿ ಬರೆಯುವಾಗ 'ಐ' ಎಂಬುದರ ಮುಂದೆ 'ವಿಲ್' ಎಂದು ಬರೆದಳು. ಉಪಾಧ್ಯಾಯರು ಕೆಂಪು ಶಾಯಿಯಲ್ಲಿ ಹೊಡೆದು 'ಶಲ್' ಎಂದು ತಿದ್ದಿ ಅಂಕ ಕಳೆದರು. ಶಾಲೆಯ ಹೆಸರು ಬೇಡ. ಇಂಥ ಶಾಲೆ ಪ್ರತಿ ಊರಿನಲ್ಲೂ ಇದೆ. ಇಂಗ್ಲೀಷ್ ದೇಶದಲ್ಲಿ ಈ 'ಶಲ್' ಎಂಬ ಪದದ ಗತಿ ಏನಾಗಿದೆ ನೋಡಿ. 1961ರಲ್ಲಿ ಅಮೆರಿಕದಲ್ಲಿ ಅಚ್ಚಾದ ಪುಸ್ತಕ, ಪತ್ರಿಕೆಗಳಿಂದ ಹತ್ತು ಲಕ್ಷ ಪದಗಳನ್ನು ಆರಿಸಿ ಅಲ್ಲಿನ ಬ್ರೌನ್ ವಿಶ್ವವಿದ್ಯಾನಿಲಯದವರು ಒಂದು ಭಂಡಾರ ಮಾಡಿದರು. ಅದೇ ವರ್ಷದ ಬ್ರಿಟಿಷ್ ಬರಹದಿಂದಲೂ ಅಂಥದೇ ಒಂದು ಭಂಡಾರವಾಯಿತು. ಮೂವತ್ತು ವರ್ಷ ಕಳೆದ ಮೇಲೆ ಎರಡೂ ದೇಶಗಳಲ್ಲಿ ಮತ್ತೆ ಅಷ್ಟೇ ಪದ ಎಣಿಸಿ ಹಿಂದಿನದಕ್ಕೆ ಹೋಲಿಸಿದರು. 'ಶಲ್' ಎಂಬುದು ಬಹಳ ಇಳಿದಿತ್ತು. 'ಮಸ್ಟ್' ಎಂಬುದೂ ಇಳಿದಿತ್ತು. ಅಂದರೆ ಅವರು ಮನೆಯಿಂದ ಹೊರಗೆ ಹಾಕಿದ ಹಳೆಯ ಪೀಠೋಪಕರಣವನ್ನು ನಾವು ನಡುಮನೆಯಲ್ಲಿಟ್ಟು ಹುಡುಗಿಗೆ ದಿನಾ ಪೂಜೆ ಮಾಡಿಸುತ್ತಿದ್ದೇವೆ.

ಎಣಿಕೆ ದೂರದ ಅಮೆರಿಕದಲ್ಲಿ ಮಾತ್ರ ನಡೆದದ್ದಲ್ಲ. ಬೆಳಗಾವಿಯಾಚೆ, ಬೆಲ್ಲದ ಪೇಟೆಯೆಂದು ತಮಗೆಲ್ಲ ಗೊತ್ತಿರುವ ಕೊಲ್ಲಾಪುರದಲ್ಲಿ ಶಾಸ್ತ್ರಿ ಎಂಬ ಪ್ರಾಧ್ಯಾಪಕರು ಭಾರತದಲ್ಲಿ 1978ರಲ್ಲಿ ಅಚ್ಚಾದ ಇಂಗ್ಲೀಷಿನಿಂದ ಇದೇ ರೀತಿ ಹತ್ತು ಲಕ್ಷ ಪದಗಳ ಭಂಡಾರ ಕಟ್ಟಿದರು. ನಮ್ಮ ದೇಶದವರು ಇಂಗ್ಲೀಷನ್ನು ಹೇಗೆ ಬಳಸಬೇಕೆಂದಲ್ಲ, ಹೇಗೆ ಬಳಸುತ್ತಾರೆಂದು ಎಣಿಸಿ ನೋಡುವ ಕೆಲಸ ಅದು. ಜಗತ್ತಿನ ಪಂಡಿತರೆಲ್ಲ ಅದನ್ನು ಉಪಯೋಗಿಸುತ್ತಾರೆ. ನಮ್ಮ ಶಾಲೆಗಳು ಮಾತ್ರ ಇನ್ನೂ ರೆನ್ ಮತ್ತು ಮಾರ್ಟಿನ್ ಎಂಬ ಇಬ್ಬರು ದೊರೆಗಳ ವ್ಯಾಕರಣಕ್ಕೆ ಜೋತುಬಿದ್ದಿವೆ. ಆ ಪುಸ್ತಕ ಹೊರಟದ್ದು 1930ರ ದಶಕದಲ್ಲಿ. ಹಿಂದೂಸ್ಥಾನದಲ್ಲಿದ್ದ ಬಿಳಿಯ ಅಧಿಕಾರಿಗಳ ಮಕ್ಕಳಿಗಾಗಿ. ಒಳ್ಳೆಯ ಪುಸ್ತಕವೇ ಇರಬಹುದು. ಅಜ್ಜ ನೆಟ್ಟ ಆಲದ ಮರವೆಂದು ಅದಕ್ಕೇ ನೇಣು ಹಾಕಿಕೊಳ್ಳಬೇಕೆ?

ಭಾಷೆ ಬದಲಾಗುತ್ತದೆ ಎಂದರೆ ಕೆಲವರಿಗೆ ಅದು ಕೆಡುತ್ತದೆ ಎಂದು ಕೇಳಿಸುತ್ತದೆ. ಹಾಗೆ ಭಾವಿಸುವವರು ಇಂಗ್ಲೆಂಡಿನ ಚರಿತ್ರೆಯನ್ನೇ ಸ್ವಲ್ಪ ನೋಡಲಿ. 1066ರಲ್ಲಿ ಫ್ರಾನ್ಸಿನ ಕಡೆಯ ನಾರ್ಮನ್ನರು ಆ ದೇಶವನ್ನು ಗೆದ್ದರು. ಆಮೇಲೆ ಸುಮಾರು ಮುನ್ನೂರು ವರ್ಷ ಅಲ್ಲಿ ದೊರೆಯ ಭಾಷೆ, ಕೋರ್ಟಿನ ಭಾಷೆ ಫ್ರೆಂಚು. ಕಾಗದಪತ್ರದ ಭಾಷೆ ಲ್ಯಾಟಿನ್ನು. ಇಂಗ್ಲೀಷು ಉಳುವವರ, ನೇಯುವವರ, ಮೀನು ಮಾರುವವರ ಬಾಯಲ್ಲಿತ್ತು. ಕೊನೆಗೆ 1362ರಲ್ಲಿ ಒಂದು ಕಾಯಿದೆ ಬಂತು: ಕೋರ್ಟಿನಲ್ಲಿ ವಕೀಲರು ಏನು ವಾದಿಸುತ್ತಾರೆಂಬುದು ಕಕ್ಷಿಗಾರರಿಗೇ ತಿಳಿಯುವುದಿಲ್ಲವಾದ್ದರಿಂದ ಇನ್ನು ಮುಂದೆ ವಾದ ಇಂಗ್ಲೀಷಿನಲ್ಲಿ ನಡೆಯಬೇಕು. ಆ ಕಾಯಿದೆಯನ್ನು ಬರೆದದ್ದು ಮಾತ್ರ ಫ್ರೆಂಚಿನಲ್ಲಿ! ದಫ್ತರದಿಂದ ಲ್ಯಾಟಿನ್ನು ಪೂರ್ತಿ ಹೊರಟುಹೋಗಲು 1733ರ ತನಕ ಕಾಯಬೇಕಾಯಿತು. ಕನ್ನಡದಲ್ಲಿ ತೀರ್ಪು ಬರೆಯಿರಿ ಎಂದರೆ 'ಸಾಧ್ಯವಿಲ್ಲ, ಪದಗಳಿಲ್ಲ' ಎನ್ನುವ ಮಹಾಶಯರು ನೆನಪಿಡಲಿ: ಇದೇ ಮಾತನ್ನು ಅಲ್ಲಿ ಇಂಗ್ಲೀಷಿನ ಮೇಲೂ ಹೇಳಿದ್ದರು.

ಆ ಜನರ ಇಂಗ್ಲೀಷಾದರೂ ಒಂದೇ ಆಗಿತ್ತೇ? ಅಲ್ಲಿ ಮೊದಲು ಅಚ್ಚುಕೂಟ ತೆರೆದ ಕ್ಯಾಕ್ಸ್‌ಟನ್ ಎಂಬಾತ ಮೂಲತಃ ಬಟ್ಟೆ ವ್ಯಾಪಾರದವನು, ಅಂದರೆ ತಮ್ಮ ಕುಲದವನು. ಅವನು 1490ರಲ್ಲಿ ಒಂದು ಕಥೆ ಬರೆದಿಟ್ಟಿದ್ದಾನೆ. ಕೆಲವು ವರ್ತಕರು ಹಡಗಿನಲ್ಲಿ ಹೊರಟು, ಗಾಳಿ ಬೀಸದೆ, ದಡಕ್ಕಿಳಿದು ಒಂದು ಮನೆಯಲ್ಲಿ ಮೊಟ್ಟೆ ಕೇಳಿದರು. 'ಎಗ್ಸ್ ಕೊಡಮ್ಮಾ' ಎಂದ ಒಬ್ಬ. ಆ ಗೃಹಿಣಿ 'ನನಗೆ ಫ್ರೆಂಚು ಬರುವುದಿಲ್ಲ' ಎಂದಳು. ಆತನಿಗೆ ಸಿಟ್ಟು ಬಂತು, ಏಕೆಂದರೆ ಅವನಿಗೂ ಫ್ರೆಂಚು ಬಾರದು. ಕೊನೆಗೆ ಇನ್ನೊಬ್ಬ 'ಐರೆನ್' ಎಂದು ಕೇಳಿದಾಗ ಆಕೆಗೆ ತಿಳಿಯಿತು. ಮೊಟ್ಟೆಗೆ ಉತ್ತರದ ಸೀಮೆಯಲ್ಲೊಂದು ಮಾತು, ದಕ್ಷಿಣದ ಸೀಮೆಯಲ್ಲೊಂದು ಮಾತು. ಮಂಗಳೂರಿನವರೂ ಧಾರವಾಡದವರೂ ಹೋಟೆಲಿನಲ್ಲಿ ಕೂತು ಪಡುವ ಪೇಚಾಟವೇ ಇದು. ಇವತ್ತು ಉಳಿದಿರುವುದು 'ಎಗ್ಸ್'. ಯಾವ ಪಂಡಿತ ಸಭೆಯೂ ಅದನ್ನು ನಿರ್ಣಯಿಸಲಿಲ್ಲ. ಸಂತೆ ನಿರ್ಣಯಿಸಿತು.

ಅಚ್ಚು ಬಂದ ಕಾಲದಲ್ಲೇ ಇಂಗ್ಲೀಷಿನ ಸ್ವರಗಳು ಸ್ಥಾನ ಬದಲಾಯಿಸುತ್ತಿದ್ದವು. ಸುಮಾರು 1400ರಿಂದ 1700ರ ತನಕ ಆ ಪಲ್ಲಟ ನಡೆಯಿತು. ಉಚ್ಚಾರ ಮುಂದೆ ಹೋಯಿತು, ಕಾಗುಣಿತ ಅಚ್ಚಿನ ಮೊಳೆಗೆ ಸಿಕ್ಕಿ ಹಿಂದೆ ಉಳಿಯಿತು. ನಮ್ಮ ಮಕ್ಕಳು 'ನೈಫ್' ಎಂದು ಓದುವಾಗ ಮುಂದೊಂದು ದಂಡದ ಅಕ್ಷರ ಏಕೆಂದು ಕೇಳಿದರೆ ಬೈಯಬೇಡಿ. ಹಿಂದೆ ಅದನ್ನು ಉಚ್ಚರಿಸುತ್ತಿದ್ದರು, ಈಗ ಬಿಟ್ಟಿದ್ದಾರೆ, ಬರವಣಿಗೆ ಮಾತ್ರ ಬಿಟ್ಟಿಲ್ಲ ಎಂದು ಹೇಳಿ. ಮಗುವಿನ ಬುದ್ಧಿಯಲ್ಲಿ ದೋಷವಿಲ್ಲ ಎಂಬುದಾದರೂ ಅದಕ್ಕೆ ತಿಳಿಯುತ್ತದೆ.

ಇನ್ನೊಂದು ಸಂಗತಿಯಿದೆ, ಇದನ್ನು ಹೇಳಲು ನಮಗೆ ವಿಶೇಷ ಸಂತೋಷ. ಇಂಗ್ಲೀಷಿನಲ್ಲೂ ಹಿಂದೆ ನಮ್ಮಂತೆ 'ನೀನು', 'ನೀವು' ಎರಡೂ ಇದ್ದವು. 'ದೌ' ಎಂದರೆ ನೀನು, 'ಯೂ' ಎಂದರೆ ನೀವು. ಯಜಮಾನ ಆಳಿಗೆ 'ದೌ' ಎನ್ನಬೇಕು, ಆಳು ಯಜಮಾನನಿಗೆ 'ಯೂ' ಎನ್ನಬೇಕು. ಹದಿನೇಳನೆಯ ಶತಮಾನದಲ್ಲಿ ಕ್ವೇಕರರೆಂಬ ಒಂದು ಪಂಥದವರು, ದೇವರ ಮುಂದೆ ಎಲ್ಲರೂ ಸಮಾನರೆಂದ ಮೇಲೆ ನ್ಯಾಯಾಧೀಶನಿಗೂ 'ದೌ' ಎಂದೇ ಹೇಳುತ್ತೇವೆ, ಟೋಪಿ ತೆಗೆಯುವುದಿಲ್ಲ ಎಂದು ಹಠ ಹಿಡಿದರು. ಪೆಟ್ಟು ತಿಂದರು, ಸೆರೆಮನೆ ಕಂಡರು. ಎಲ್ಲರಿಗೂ 'ನೀನು' ಎನ್ನಬೇಕೆಂಬುದು ಅವರ ಹಂಬಲ. ಸಮಾಜ ಇನ್ನೊಂದು ದಾರಿ ಹಿಡಿಯಿತು: ಕೂಲಿಯವನಿಂದ ಕೋಟ್ಯಧೀಶನ ತನಕ ಎಲ್ಲರಿಗೂ 'ನೀವು' ಎಂದಾಯಿತು, 'ದೌ' ದೇವಸ್ಥಾನ ಸೇರಿತು. ನಮ್ಮ ಕಚೇರಿಗಳಲ್ಲಿ ಜವಾನನಿಗೆ ಏಕವಚನ, ಸಾಹೇಬರಿಗೆ ಬಹುವಚನ ಇನ್ನೂ ನಡೆದೇ ಇದೆ.

ಬದಲಾವಣೆ ಅಲ್ಲಿಗೂ ನಿಲ್ಲಲಿಲ್ಲ. ಗಂಡೋ ಹೆಣ್ಣೋ ಹೇಳಬೇಕಿಲ್ಲದ ಕಡೆ ಒಬ್ಬರನ್ನೇ 'ದೇ' ಎಂದು ಕರೆಯುವ ರೂಢಿ ಇಂಗ್ಲೀಷಿನಲ್ಲಿ ಹದಿನಾಲ್ಕನೆಯ ಶತಮಾನದಿಂದಲೂ ಇದ್ದು, ಈಚೆಗೆ ಬಲವಾಗಿದೆ. 2019ರಲ್ಲಿ ಅಮೆರಿಕದ ವೆಬ್‌ಸ್ಟರ್ ನಿಘಂಟಿನವರು ಅದನ್ನೇ ವರ್ಷದ ಪದವೆಂದು ಆರಿಸಿದರು. ವ್ಯಾಕರಣ ಕೆಟ್ಟಿತು ಎಂದು ದೊಡ್ಡ ಗಲಾಟೆ. ಕನ್ನಡದ ಮಗುವಿಗೆ ಇದರಲ್ಲಿ ಆಶ್ಚರ್ಯವೇ ಇಲ್ಲ. 'ಮೇಷ್ಟರು ಬಂದರೆ? ಅವರು ಇನ್ನೂ ಬಂದಿಲ್ಲ' ಎನ್ನುವಾಗ ಆ 'ಅವರು' ಒಬ್ಬರೇ. ಗಂಡಸೋ ಹೆಂಗಸೋ ಹೇಳಬೇಕಾಗಿಲ್ಲ. ಕನ್ನಡ ಬಲ್ಲ ಉಪಾಧ್ಯಾಯರು ಕನ್ನಡದ ಮೂಲಕವೇ ಇದನ್ನು ಎರಡು ನಿಮಿಷದಲ್ಲಿ ತಿಳಿಸಬಲ್ಲರು. ತರಗತಿಯಲ್ಲಿ ಕನ್ನಡ ಮಾತಾಡಿದರೆ ದಂಡ ಹಾಕುವ ಶಾಲೆಗಳಿಗೆ ಈ ಸುಲಭದ ದಾರಿ ಮುಚ್ಚಿಹೋಗಿದೆ.

ಹೊಸ ಪದಗಳನ್ನು ಹುಟ್ಟಿಸುವವರು ಯಾರು? ಮುಷ್ಕರಕ್ಕೆ ಇಂಗ್ಲೀಷಿನಲ್ಲಿ 'ಸ್ಟ್ರೈಕ್' ಎಂಬ ಮಾತು ಬಂದದ್ದು 1768ರಲ್ಲಿ. ಕೂಲಿಗಾಗಿ ಹೋರಾಡಿದ ನಾವಿಕರು ಹಡಗಿನ ಹಾಯಿಗಳನ್ನು ಕೆಳಗಿಳಿಸಿ ಯಾನ ನಿಲ್ಲಿಸಿದರು. ಹಾಯಿ ಇಳಿಸುವುದಕ್ಕೆ ಅವರ ಕಸುಬಿನ ಮಾತು ಅದು. ಇನ್ನು ನಮ್ಮ 'ಹರತಾಳ': ಗುಜರಾತಿಯಲ್ಲಿ ಅಂಗಡಿಗೆ ಬೀಗ ಹಾಕುವುದು ಎಂದು ಅದರ ಮೂಲಾರ್ಥ. ಹೀಗೆ ಒಂದು ಪದ ಕಾರ್ಮಿಕರದು, ಒಂದು ಪದ ಅಂಗಡಿಕಾರರದು. ಜಗತ್ತಿನಾದ್ಯಂತ ವಿದ್ಯಾರ್ಥಿಗಳು ಬಳಸುವ ಆಕ್ಸ್‌ಫರ್ಡಿನ ಕಲಿಕೆಯ ನಿಘಂಟನ್ನು ಹಾರ್ನ್‌ಬಿ ಎಂಬವರು ಮಾಡಿದ್ದು. 2020ರಲ್ಲಿ ಅದರ ಹತ್ತನೆಯ ಮುದ್ರಣ ಬಂತು. ಅದರಲ್ಲಿ ಹೊಸದಾಗಿ ಸೇರಿದ ಭಾರತೀಯ ಪದಗಳು 26. 'ಹರತಾಳ' ಅಲ್ಲಿದೆ; ಮುಂಬಯಿ ಗಿರಣಿಯವರ 'ಚಾಳ' ಅಲ್ಲಿದೆ; 'ಡಬ್ಬ'ವೂ ಇದೆ. ನಮ್ಮ ಗಿರಣಿ ಕಾರ್ಮಿಕರ ವಠಾರ ಆಕ್ಸ್‌ಫರ್ಡಿನ ನಿಘಂಟಿಗೆ ಹೊಕ್ಕಿತು, ಬಾಡಿಗೆ ಕೊಡದೆ. ಹಿಂದೆಯೂ ಹೀಗೆಯೇ. 'ಕ್ಯಾಲಿಕೋ' ಎಂಬ ಹತ್ತಿ ಬಟ್ಟೆಗೆ ಕಲ್ಲಿಕೋಟೆಯ ಹೆಸರು. ಗಿರಣಿಯವರು ತೊಡುವ 'ಡಂಗರಿ'ಗೆ ಮುಂಬಯಿಯ ಡೋಂಗ್ರಿ ಪೇಟೆಯ ಹೆಸರು.

ಆಫ್ರಿಕದಲ್ಲಿ ನೈಜೀರಿಯವೆಂಬ ದೊಡ್ಡ ದೇಶವಿದೆ. ನಮ್ಮ 'ನಾಡಿದ್ದು' ಎಂಬುದಕ್ಕೆ ಇಂಗ್ಲೀಷಿನಲ್ಲಿ ಚಿಕ್ಕ ಮಾತಿಲ್ಲ. ಇದ್ದ ಒಂದು ಮಾತನ್ನು ಅವರೇ ಕಳೆದುಕೊಂಡರು. ನೈಜೀರಿಯದವರು 'ನೆಕ್ಸ್ಟ್ ಟುಮಾರೋ' ಎಂದು ಮಾಡಿಕೊಂಡರು. 2020ರಲ್ಲಿ ಅದೂ ಆಕ್ಸ್‌ಫರ್ಡಿನ ದೊಡ್ಡ ನಿಘಂಟಿಗೆ ಸೇರಿತು. ಆ ದೇಶದ ಬೀದಿಯ ಪಿಜಿನ್ ಮಾತಿನಲ್ಲಿ 2017ರಿಂದ ಬಿ.ಬಿ.ಸಿ.ಯೇ ಸುದ್ದಿ ಕೊಡುತ್ತದೆ. ಸಿಂಗಪುರದಲ್ಲಿ ಮಾತ್ರ ಸರ್ಕಾರ ವಿರುದ್ಧ ದಿಕ್ಕಿನಲ್ಲಿ ನಡೆಯಿತು. ಜನ ಮಾತಿನ ಕೊನೆಗೆ 'ಲಾ' ಸೇರಿಸಿ ಆಡುವ ತಮ್ಮ ಇಂಗ್ಲೀಷನ್ನು ಬಿಡಬೇಕೆಂದು 2000ದಲ್ಲಿ 'ಒಳ್ಳೆಯ ಇಂಗ್ಲೀಷ್ ಮಾತಾಡಿ' ಎಂಬ ಚಳವಳಿಯನ್ನೇ ಹೂಡಿತು. ಜನ ಕಚೇರಿಯಲ್ಲಿ ಒಂದು, ಮಾರುಕಟ್ಟೆಯಲ್ಲಿ ಇನ್ನೊಂದು ಆಡುತ್ತಿದ್ದಾರೆ.

ಲೆಕ್ಕ ನೋಡೋಣ. ಇಂದು ಜಗತ್ತಿನಲ್ಲಿ ಇಂಗ್ಲೀಷ್ ಬಳಸುವವರು ಸುಮಾರು 150 ಕೋಟಿ ಎನ್ನುತ್ತಾರೆ. ಅದನ್ನು ತಾಯ ಮೊಲೆಹಾಲಿನೊಂದಿಗೆ ಕಲಿತವರು 40 ಕೋಟಿಗೂ ಕಡಿಮೆ. ನಮ್ಮ ದೇಶದ 2011ರ ಜನಗಣತಿಯಲ್ಲಿ ಇಂಗ್ಲೀಷು ತಾಯ್ನುಡಿ ಎಂದವರು ಎರಡೂವರೆ ಲಕ್ಷಕ್ಕೆ ತುಸು ಹೆಚ್ಚು. ಎರಡನೆಯ ಭಾಷೆ ಎಂದವರು 8 ಕೋಟಿಗೆ ಮೇಲೆ. ಮೂರನೆಯ ಭಾಷೆ ಎಂದವರು 4 ಕೋಟಿಗೆ ಮೇಲೆ. ಹುಬ್ಬಳ್ಳಿಯ ಹುಡುಗ ನಾಳೆ ಇಂಗ್ಲೀಷಿನಲ್ಲಿ ಮಾತಾಡುವುದು ಲಂಡನ್ನಿನ ದೊರೆಯೊಡನೆ ಅಲ್ಲ. ಅಸ್ಸಾಮಿನ ಚಹಾ ವ್ಯಾಪಾರಿಯೊಡನೆ, ದುಬೈಯಲ್ಲಿ ಕೇನ್ಯದ ಮೇಸ್ತ್ರಿಯೊಡನೆ, ಚೀನದ ಯಂತ್ರ ಮಾರುವವನೊಡನೆ. ಇಬ್ಬರಿಗೂ ಅದು ಎರವಲು ಭಾಷೆ. ಅಲ್ಲಿ ದೊರೆಯ ಠೀವಿಯನ್ನು ಯಾರಿಗೆ ತೋರಿಸಬೇಕು?

ಠೀವಿಯ ಮಾತು ಬಂತು, ಉಚ್ಚಾರಣೆಯ ವಿಷಯ ಹೇಳಿಬಿಡುತ್ತೇವೆ. 'ಶುದ್ಧ ಇಂಗ್ಲೀಷ್ ಉಚ್ಚಾರ' ಎಂದು ಶಾಲೆಗಳು ಜಾಹೀರಾತು ಹಾಕುತ್ತವಲ್ಲ, ಅದರ ಮೂಲ ದಕ್ಷಿಣ ಇಂಗ್ಲೆಂಡಿನ ಶ್ರೀಮಂತರ ವಸತಿಶಾಲೆ. ಡೇನಿಯಲ್ ಜೋನ್ಸ್ ಎಂಬವರು 1917ರಲ್ಲಿ ಅದನ್ನು ಉಚ್ಚಾರಣೆಯ ನಿಘಂಟಿನಲ್ಲಿ ದಾಖಲೆ ಮಾಡಿದಾಗ ಅದಕ್ಕಿಟ್ಟ ಹೆಸರೇ ಆ ಶಾಲೆಗಳ ಹೆಸರು. 1974ರಲ್ಲಿ ಒಬ್ಬ ಇಂಗ್ಲೀಷ್ ವಿದ್ವಾಂಸರ ಅಂದಾಜಿನಂತೆ ಆ ದೇಶದಲ್ಲೇ ಹಾಗೆ ಮಾತಾಡುವವರು ನೂರಕ್ಕೆ ಮೂರು ಜನ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಿ.ಬಿ.ಸಿ. ರೇಡಿಯೋದಲ್ಲಿ ವಿಲ್‌ಫ್ರೆಡ್ ಪಿಕಲ್ಸ್ ಎಂಬವರು ಸುದ್ದಿ ಓದಿದರು. ಅವರು ಯಾರ್ಕ್‌ಷೈರಿನ ಹ್ಯಾಲಿಫ್ಯಾಕ್ಸ್ ಎಂಬ ಉಣ್ಣೆ ಗಿರಣಿಗಳ ಊರಿನವರು. ಅದೇ ಸೀಮೆಯ ರಾಗ. ಸುದ್ದಿ ಅದೇ ಸುದ್ದಿ, ಆದರೂ ಇಂಥ ಬಾಯಿಂದ ಬಂದರೆ ನಂಬುವುದು ಹೇಗೆಂದು ಆಕ್ಷೇಪಣೆಗಳು ಬಂದವು. ಗಿರಣಿ ಊರಿನ ನಾಲಗೆಗೆ ಅಲ್ಲೂ ಮರ್ಯಾದೆ ಇರಲಿಲ್ಲ.

ಹಳೇ ಮೈಸೂರಿನ ಹಳ್ಳಿಯವರು 'ಹಾಲು' ಎಂಬುದನ್ನು 'ಆಲು' ಎಂದರೆ ಪೇಟೆಯವರು ನಗುತ್ತಾರಷ್ಟೆ. ಲಂಡನ್ನಿನ ಪೂರ್ವಭಾಗದ ಕೂಲಿಕಾರರೂ ಹಕಾರ ನುಂಗುತ್ತಾರೆ, ಅಲ್ಲೂ ನಗು. ಬರ್ನಾರ್ಡ್ ಷಾ ಅವರು ಅದನ್ನೇ ಹಿಡಿದು 1914ರಲ್ಲಿ ಲಂಡನ್ನಿನ ರಂಗದ ಮೇಲೆ ನಾಟಕ ಆಡಿಸಿದರು: ಹೂ ಮಾರುವ ಹುಡುಗಿಯ ಉಚ್ಚಾರ ಬದಲಾಯಿಸಿದರೆ ದೊಡ್ಡಮನೆಯವಳೆಂದು ಎಲ್ಲರೂ ನಂಬುತ್ತಾರೆ. ಷಾ ಸಮಾಜವಾದಿ, ನಗುತ್ತಲೇ ಗಾಯ ತೋರಿಸಿದರು. ಅಂದಿನಿಂದ ನೂರಕ್ಕೂ ಹೆಚ್ಚು ವರ್ಷವಾಯಿತು. ನಮ್ಮ ಬೆಂಗಳೂರಿನಲ್ಲಿ 2000ದ ಸುಮಾರಿಗೆ ರಾತ್ರಿಯೆಲ್ಲ ಅಮೆರಿಕದ ಗಿರಾಕಿಗಳೊಡನೆ ಫೋನಿನಲ್ಲಿ ಮಾತಾಡುವ ಉದ್ಯೋಗಗಳು ಬಂದವು. ಹುಡುಗ ಹುಡುಗಿಯರಿಗೆ ಅಮೆರಿಕದ ಹೆಸರಿಟ್ಟು, ನಾಲಗೆಯ ಊರಿನ ಗುರುತು ಅಳಿಸಲು ವಾರಗಟ್ಟಲೆ ತರಬೇತಿ ಕೊಟ್ಟರು. ಈಗ ಆ ತರಬೇತಿಯೂ ಬೇಡವಂತೆ. ಮಾತಾಡುತ್ತಿರುವಾಗಲೇ ದನಿಯ ರಾಗವನ್ನು ಯಂತ್ರವೇ ಬದಲಿಸಿ ಗಿರಾಕಿಯ ಕಿವಿಗೆ ತಲುಪಿಸುತ್ತದೆ. ದುಡಿಮೆ ಬೇಕು, ದುಡಿದವನ ದನಿ ಬೇಡ.

ಹಾಗಾದರೆ ಉಚ್ಚಾರಣೆ ಕಲಿಸುವುದೇ ಬೇಡವೆ? ಬೇಕು. ಎದುರಿನವರಿಗೆ ತಿಳಿಯುವಷ್ಟು ಬೇಕು. ಜೆನಿಫರ್ ಜೆಂಕಿನ್ಸ್ ಎಂಬ ವಿದುಷಿ ಬೇರೆ ಬೇರೆ ದೇಶದವರು ಇಂಗ್ಲೀಷಿನಲ್ಲಿ ಮಾತಾಡಿಕೊಳ್ಳುವಾಗ ಎಲ್ಲಿ ಎಡವುತ್ತಾರೆಂದು ಕಿವಿಗೊಟ್ಟು ಕೇಳಿ 2000ದಲ್ಲಿ ಪುಸ್ತಕ ಬರೆದರು. 'ಥಿಂಕ್', 'ದಿಸ್' ಎಂಬುದರ ಮೊದಲ ವ್ಯಂಜನವನ್ನು ನಾಲಗೆ ಕಚ್ಚಿ ಹೇಳದಿದ್ದರೆ ಯಾರಿಗೂ ಅರ್ಥ ಕೆಡುವುದಿಲ್ಲ. ಹ್ರಸ್ವ ದೀರ್ಘ ಕೆಟ್ಟರೆ ಕೆಡುತ್ತದೆ. 'ಶಿಪ್' ಎಂದರೆ ಹಡಗು, 'ಶೀಪ್' ಎಂದರೆ ಕುರಿ. ಸೇರಿದ ವ್ಯಂಜನಗಳನ್ನು ನುಂಗಿದರೆ ಕೆಡುತ್ತದೆ. ವಾಕ್ಯದಲ್ಲಿ ಎಲ್ಲಿ ಒತ್ತು ಬೀಳಬೇಕೋ ಅಲ್ಲಿ ಬೀಳದಿದ್ದರೆ ಕೆಡುತ್ತದೆ. ಕನ್ನಡಿಗರಿಗೆ ಹ್ರಸ್ವ ದೀರ್ಘ ಹುಟ್ಟಿನಿಂದಲೇ ಬಂದ ಆಸ್ತಿ. ಒತ್ತು ಮಾತ್ರ ಕಷ್ಟ. 'ನಾನೇ ಕೊಟ್ಟೆ' ಎಂಬಲ್ಲಿ ನಮ್ಮ ಏಕಾರ ಮಾಡುವ ಕೆಲಸವನ್ನು ಇಂಗ್ಲೀಷಿನವರು ದನಿ ಏರಿಸಿ ಮಾಡುತ್ತಾರೆ. ಅದು ತಿಳಿಯದೆ ನಾವು ಏಕಾರದ ಬದಲು 'ಓನ್ಲಿ' ಸೇರಿಸುತ್ತೇವೆ. ಕೇಳಿದವರು 'ನಾನೊಬ್ಬನೇ' ಎಂದುಕೊಳ್ಳುತ್ತಾರೆ. ಉಪಾಧ್ಯಾಯರು ಕಲಿಸಬೇಕಾದ್ದು ಇದನ್ನು. ಅದು ಬಿಟ್ಟು 'ಥಕಾರ'ಕ್ಕಾಗಿ ಮಗುವಿನ ನಾಲಗೆ ತಿರುಚುವುದು ಹೊತ್ತು ಕಳೆಯುವ ಕೆಲಸ.

ವರ್ತಕ ಮಿತ್ರರಿಗೆ ಹಣದ ಲೆಕ್ಕದಲ್ಲೇ ಹೇಳುವುದಾದರೆ, 'ಬಿಲಿಯನ್' ಎಂಬ ಪದ ತೆಗೆದುಕೊಳ್ಳಿ. ಹಳೆಯ ಬ್ರಿಟಿಷ್ ಲೆಕ್ಕದಲ್ಲಿ ಅದು ಒಂದು ಲಕ್ಷ ಕೋಟಿ. ಅಮೆರಿಕದ ಲೆಕ್ಕದಲ್ಲಿ ನೂರು ಕೋಟಿ. 1974ರಲ್ಲಿ ಬ್ರಿಟಿಷ್ ಸರ್ಕಾರ ತನ್ನ ಲೆಕ್ಕ ಬಿಟ್ಟು ಅಮೆರಿಕದ್ದನ್ನು ಒಪ್ಪಿತು. ಅದಕ್ಕೂ ಹಿಂದಿನ ಪುಸ್ತಕ ಓದಿ ಲೆಕ್ಕ ಹಾಕಿದವನಿಗೆ ಒಂದಕ್ಕೆ ಸಾವಿರದ ತಪ್ಪು. ಅಮೆರಿಕದ ಕಾಗದದಲ್ಲಿ 5/6 ಎಂದರೆ ಮೇ 6. ನಮ್ಮಲ್ಲಿ ಜೂನ್ 5. ಸರಕು ಒಂದು ತಿಂಗಳು ತಡವಾದರೆ ನಷ್ಟ ಯಾರಿಗೆ? ಅವರ ಗ್ಯಾಲನ್ ಸುಮಾರು 3.8 ಲೀಟರು, ಬ್ರಿಟಿಷರದು ಸುಮಾರು 4.5. ಅವರ ಟನ್ನು 2000 ಪೌಂಡು, ಬ್ರಿಟಿಷರದು 2240. ಸಂಘದವರೂ ಕೇಳಿ: ಸಭೆಯ ನಿರ್ಣಯವನ್ನು 'ಟೇಬಲ್' ಮಾಡುವುದೆಂದರೆ ಇಂಗ್ಲೆಂಡಿನಲ್ಲಿ ಚರ್ಚೆಗೆ ಎತ್ತಿಕೊಳ್ಳುವುದು, ಅಮೆರಿಕದಲ್ಲಿ ಚರ್ಚೆ ಮಾಡದೆ ಬದಿಗಿಡುವುದು. ನಮ್ಮ 'ಲಕ್ಷ', 'ಕೋಟಿ' ಹೊರದೇಶದವರಿಗೆ ತಿಳಿಯವು. 'ಪ್ರೀಪೋನ್' ಎಂದು ನಾವು ಆಡುವ ಮಾತಿಗೂ ಹಲವು ಕಡೆ ಅರ್ಥ ಹೇಳಬೇಕಾಗುತ್ತದೆ. ತಪ್ಪೆಂದು ಬಿಡಬೇಕಾಗಿಲ್ಲ, ಎಲ್ಲಿ ನಡೆಯುವ ನಾಣ್ಯ, ಎಲ್ಲಿ ನಡೆಯದ್ದು ಎಂಬುದು ಗೊತ್ತಿರಬೇಕು. ಇವೆಲ್ಲ ಯಾವ ಪಠ್ಯದಲ್ಲಿದೆ? ನಮ್ಮ ಮಕ್ಕಳು ಇನ್ನೂ 'ತಮ್ಮ ಅತಿ ವಿಧೇಯ ಸೇವಕ' ಎಂದು ಅರ್ಜಿಯ ಕೆಳಗೆ ಇಂಗ್ಲೀಷಿನಲ್ಲಿ ಬರೆಯುವುದನ್ನು ಉರು ಹೊಡೆಯುತ್ತಿದ್ದಾರೆ. ಸ್ವತಂತ್ರ ದೇಶದ ಮಗು ಯಾರಿಗೆ ಸೇವಕ?

ಇಲ್ಲೊಂದು ಗಂಭೀರವಾದ ಆಕ್ಷೇಪಣೆಯಿದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಕಾಶ್ಮೀರದಲ್ಲಿ ಹುಟ್ಟಿ ಅಮೆರಿಕದಲ್ಲಿ ಪ್ರಾಧ್ಯಾಪಕರಾಗಿದ್ದ ಬ್ರಜ ಕಾಚ್ರು ಎಂಬವರು, ಭಾರತದ ಇಂಗ್ಲೀಷು, ಆಫ್ರಿಕದ ಇಂಗ್ಲೀಷು ಇವು ತಪ್ಪು ಇಂಗ್ಲೀಷಲ್ಲ, ತಮ್ಮದೇ ನಿಯಮವುಳ್ಳ ಇಂಗ್ಲೀಷುಗಳು ಎಂದು ವಾದಿಸಿದರು. ಇಂಗ್ಲೆಂಡಿನ ರಾಂಡಲ್ಫ್ ಕ್ವರ್ಕ್ ಎಂಬ ವ್ಯಾಕರಣ ಪಂಡಿತರು ಒಪ್ಪಲಿಲ್ಲ. ಇಬ್ಬರ ವಾದ 1990ರ ಸುಮಾರಿಗೆ ಪತ್ರಿಕೆಯಲ್ಲಿ ಜೋರಾಗಿಯೇ ನಡೆಯಿತು. ಕ್ವರ್ಕರ ವಾದದ ಸಾರ ಇಷ್ಟು: ಹಣ ತೆತ್ತು, ಕಾಲ ತೆತ್ತು ಕಲಿಯಲು ಬಂದ ಬಡವರಿಗೆ ಶಿಷ್ಟ ಇಂಗ್ಲೀಷನ್ನು ಕೊಡದೆ 'ನಿನ್ನದೇ ಸಾಕು' ಎನ್ನುವುದು ಮೋಸ, ಹೀಗೆ ಹೇಳುವ ವಿದ್ವಾಂಸರು ತಮ್ಮ ಮಟ್ಟಿಗೆ ಶಿಷ್ಟ ಇಂಗ್ಲೀಷಿನಲ್ಲೇ ಬರೆಯುತ್ತಾರೆ.

ಈ ಮಾತಿನಲ್ಲಿ ತೂಕವಿದೆ. ದೊಡ್ಡಮನೆಯ ಮಗ ಶಿಷ್ಟ ಇಂಗ್ಲೀಷ್ ಕಲಿತು ಕಂಪನಿಯ ಕೋಣೆಯೊಳಗೆ ಕೂರುವುದು, ಹಮಾಲರ ಮಗಳಿಗೆ ಮಾತ್ರ 'ನೀನು ಬರೆದದ್ದೇ ಸೊಗಸು' ಎಂದು ಬೆನ್ನು ತಟ್ಟಿ ಬಾಗಿಲ ಹೊರಗೆ ನಿಲ್ಲಿಸುವುದು, ಇದನ್ನು ನಾವು ಒಪ್ಪುವುದಿಲ್ಲ. ಕಾಚ್ರು ಅವರ ಮಾತು ನಮ್ಮ ಅಭಿಮಾನಕ್ಕೆ ಹಿತ. ಆದರೆ ಅಭಿಮಾನ ಹೊಟ್ಟೆ ತುಂಬಿಸದು. ನಮ್ಮ ಅಭಿಪ್ರಾಯ ಹೀಗೆ. ಬರೆಯುವ ಇಂಗ್ಲೀಷು ಜಗತ್ತಿನ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಇದೆ; 1828ರಲ್ಲಿ ವೆಬ್‌ಸ್ಟರ್ ತನ್ನ ದೊಡ್ಡ ನಿಘಂಟಿನಲ್ಲಿ ಅಮೆರಿಕದ ಕಾಗುಣಿತ ಬೇರೆ ಮಾಡಿದರೂ ಒಬ್ಬರು ಬರೆದದ್ದು ಇನ್ನೊಬ್ಬರಿಗೆ ತಿಳಿಯುತ್ತದೆ. ಆ ಬರವಣಿಗೆಯನ್ನು ಬಡವರ ಮಕ್ಕಳಿಗೆ ಚೆನ್ನಾಗಿ, ಬಿಗಿಯಾಗಿ ಕಲಿಸಲೇಬೇಕು. ಕಲಿಸಬೇಕಾದ್ದು ಇವತ್ತು ಬಳಕೆಯಲ್ಲಿರುವ ಬರವಣಿಗೆ, ಸತ್ತ 'ಶಲ್' ಅಲ್ಲ. ಬಾಯಿಮಾತಿನಲ್ಲಿ ತಿಳಿಯುವುದೇ ಅಳತೆಗೋಲು. ಊರಿನ ರಾಗ ಉಳಿದರೆ ಉಳಿಯಲಿ. ಬರವಣಿಗೆಯಲ್ಲಿ ಸಡಿಲ, ಉಚ್ಚಾರದಲ್ಲಿ ಬಿಗಿ ಎಂದು ನಮ್ಮ ಶಾಲೆಗಳು ಇದನ್ನು ತಲೆಕೆಳಗು ಮಾಡಿವೆ. ಟೈ ಕಟ್ಟಿದ ಮಗು ನೆಂಟರ ಮುಂದೆ ಹಾಡು ಹೇಳುತ್ತದೆ. ಔಷಧದ ಸೀಸೆಯ ಮೇಲಿನ ನಾಲ್ಕು ಸಾಲು ಕೊಟ್ಟರೆ ಓದಿ ಅರ್ಥ ಹೇಳಲಾರದು.

ಚೆನ್ನಾಗಿ ಕಲಿಸುವ ದಾರಿ ಹುಡುಕಿದವರು ನಮ್ಮಲ್ಲೇ ಇದ್ದರು. ಎನ್. ಎಸ್. ಪ್ರಭು ಎಂಬವರ ಮುಂದಾಳ್ತನದಲ್ಲಿ 1979ರಿಂದ 1984ರ ತನಕ ಬೆಂಗಳೂರು, ಮದರಾಸು ಮುಂತಾದ ಕಡೆಯ ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ವಿದೇಶದ ಪುಸ್ತಕಗಳು ಇಂದಿಗೂ ಅದನ್ನು 'ಬೆಂಗಳೂರು ಪ್ರಯೋಗ' ಎಂದೇ ಕರೆಯುತ್ತವೆ. ನಮ್ಮ ಶಿಕ್ಷಣ ಇಲಾಖೆಗೆ ಎಷ್ಟು ನೆನಪಿದೆಯೋ. ಅಲ್ಲಿ ಮಕ್ಕಳಿಗೆ ವ್ಯಾಕರಣದ ಸೂತ್ರ ಉರು ಹೊಡೆಸಲಿಲ್ಲ. ರೈಲಿನ ವೇಳಾಪಟ್ಟಿ ಕೊಟ್ಟು ಇಂಥ ಊರಿಗೆ ಇಷ್ಟು ಗಂಟೆಯೊಳಗೆ ತಲುಪಬೇಕಾದರೆ ಯಾವ ರೈಲು ಹಿಡಿಯಬೇಕು ಎಂದು ಕೇಳುವುದು, ನಕ್ಷೆ ಕೊಟ್ಟು ದಾರಿ ಕೇಳುವುದು, ಹೀಗೆ. ಮೊದಲು ಉಪಾಧ್ಯಾಯರೇ ಒಂದನ್ನು ಎಲ್ಲರೊಡನೆ ಬಿಡಿಸುತ್ತಾರೆ, ಆಮೇಲೆ ಅಂಥದೇ ಇನ್ನೊಂದನ್ನು ಮಕ್ಕಳು ತಾವೇ ಬಿಡಿಸುತ್ತಾರೆ. ಮನಸ್ಸು ಲೆಕ್ಕದಲ್ಲಿ ಮುಳುಗಿರುವಾಗ ಭಾಷೆ ತಾನಾಗಿ ಅಂಟಿಕೊಳ್ಳುತ್ತದೆ ಎಂಬುದು ಪ್ರಭು ಅವರ ನಂಬಿಕೆ. ಅಂಗಡಿಯಲ್ಲಿ ಕೂತ ಹುಡುಗ ಯಾವ ಪುಸ್ತಕವೂ ಇಲ್ಲದೆ ನಾಲ್ಕು ಭಾಷೆ ಕಲಿಯುವುದು ಹೀಗೆಯೇ ಅಲ್ಲವೆ? ಆ ಪ್ರಯೋಗದ ಮೇಲೆ ಟೀಕೆಯೂ ಬಂತು. ಕಲಿಸಿದವರಲ್ಲಿ ವಿಶೇಷ ತರಬೇತಿಯವರು ಹೆಚ್ಚು, ಅರವತ್ತು ಮಕ್ಕಳ ತರಗತಿಯ ಸಾಮಾನ್ಯ ಉಪಾಧ್ಯಾಯರಿಗೆ ಅದು ಭಾರ ಎಂದರು. ಇರಬಹುದು. ಹಾಗಾದರೆ ಉಪಾಧ್ಯಾಯರಿಗೆ ತರಬೇತಿ ಕೊಡಿ, ತರಗತಿ ಚಿಕ್ಕದು ಮಾಡಿ. ಇಂಗ್ಲೀಷ್ ಮಾಧ್ಯಮವೆಂದು ಬೋರ್ಡು ಬರೆಸಲು ಹಣವಿದೆ, ಇದಕ್ಕಿಲ್ಲವೆ?

ಈಗ ಇನ್ನೊಂದು ಮಾತು ಕೇಳಿಬರುತ್ತಿದೆ: ಫೋನಿನೊಳಗಿನ ಯಂತ್ರವೇ ಇಂಗ್ಲೀಷಿನಲ್ಲಿ ಕಾಗದ ಬರೆದುಕೊಡುತ್ತದೆ, ಇನ್ನು ಕಲಿಯುವುದೇಕೆ ಎಂದು. ಬರೆದುಕೊಡುತ್ತದೆ, ನಿಜ. ಅದು ಬರೆದದ್ದರ ಕೆಳಗೆ ರುಜು ಹಾಕುವವರು ನಾವು. ಗಿರಣಿಯವರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ. ಗಿರಣಿಯ ಸ್ಥಾಯೀ ನಿಯಮಗಳನ್ನು ಇಂಗ್ಲೀಷಿನಲ್ಲೂ ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಬಾಗಿಲ ಬಳಿ ಹಚ್ಚಬೇಕೆಂದು 1946ರ ಕಾಯಿದೆಯೇ ಹೇಳಿತ್ತು. ಎಷ್ಟು ಕಡೆ ಕನ್ನಡದ ಹಾಳೆ ಹಚ್ಚಿದ್ದರು, ಎಷ್ಟು ಕಡೆ ಒಪ್ಪಂದದ ಇಂಗ್ಲೀಷ್ ಹಾಳೆಯ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರು ಎಂಬುದನ್ನು ಇಲ್ಲಿರುವ ಹಿರಿಯರು ಬಲ್ಲರು. ಕನ್ನಡದ ಹಾಳೆಗಾಗಿ ಹೋರಾಡೋಣ. ಅದು ಸಿಕ್ಕುವ ತನಕ ಇಂಗ್ಲೀಷಿನ ಹಾಳೆಯನ್ನು ಓದಬಲ್ಲ ಒಬ್ಬರಾದರೂ ಪ್ರತಿ ಖಾತೆಯಲ್ಲೂ ಇರಬೇಕು.

ಆದ್ದರಿಂದ ಈ ತಿಂಗಳು ಶಾಲೆಯ ಪೋಷಕರ ಸಭೆಗೆ ಹೋಗುವವರು ಒಂದೆರಡು ವಿಷಯ ಕೇಳಿಬನ್ನಿ. ಮಕ್ಕಳಿಗೆ ಕೊಟ್ಟಿರುವ ವ್ಯಾಕರಣ ಯಾವ ಇಸವಿಯದು? ತರಗತಿಯಲ್ಲಿ ಕನ್ನಡದಲ್ಲಿ ಅರ್ಥ ಹೇಳಲು ಉಪಾಧ್ಯಾಯರಿಗೆ ಅನುಮತಿ ಇದೆಯೇ? ಶಾಲೆಯಲ್ಲಿ ಈಚಿನ ನಿಘಂಟು ಒಂದಾದರೂ ಇದ್ದು, ಮಕ್ಕಳ ಕೈಗೆ ಸಿಗುವ ಕಡೆ ಇದೆಯೇ, ಅಥವಾ ಮುಖ್ಯೋಪಾಧ್ಯಾಯರ ಬೀರುವಿನಲ್ಲಿ ಬೀಗದೊಳಗಿದೆಯೇ? ನೈಜೀರಿಯದವರ, ಸಿಂಗಪುರದವರ, ಸ್ಕಾಟ್ಲೆಂಡಿನವರ ಮಾತನ್ನು ಮಕ್ಕಳಿಗೆ ವಾರಕ್ಕೊಮ್ಮೆ ಕೇಳಿಸಬಹುದಲ್ಲ, ಅದಕ್ಕೆ ಉಪಾಧ್ಯಾಯರ ಕಿಸೆಯಲ್ಲಿರುವ ಫೋನೇ ಸಾಕು. ಉತ್ತರ ಏನು ಬಂತೆಂದು ಪತ್ರಿಕೆಗೆ ಬರೆದು ಕಳಿಸಿ. ಕನ್ನಡದಲ್ಲೇ ಬರೆಯಿರಿ, ಕಾಗುಣಿತ ತಪ್ಪಿದರೆ ನಾವು ತಿದ್ದಿಕೊಳ್ಳುತ್ತೇವೆ.

ರಾತ್ರಿ ಪಾಳಿಯವರು ಹೊರಡುವ ಹೊತ್ತಾಯಿತು. ಅವರ ಪ್ರಶ್ನೆಗಳನ್ನು ಮೊದಲು ತೆಗೆದುಕೊಳ್ಳೋಣ. ಬಿಲಿಯನ್ನಿನ ಲೆಕ್ಕ ಇನ್ನೊಮ್ಮೆ ಬೇಕೆಂದ ವರ್ತಕರು ಕೂತಿರಿ, ಹಲಗೆಯ ಮೇಲೆ ಬರೆದು ತೋರಿಸುತ್ತೇವೆ.